ಮೂರು ವರ್ಷ ಬಳಸಿದ ಕೋಡಿಂಗ್ ಪುಸ್ತಕ: ಮೊಣಕೈ ಪುಟಗಳೇ ಮೊದಲು ಕಿತ್ತು ಬಂದವು

ಮೂರು ವರ್ಷದ ಹಿಂದೆ ಮೆಡಿಕಲ್ ಕೋಡಿಂಗ್ ಪರೀಕ್ಷೆಗೆಂದು ಕೊಂಡ ಐಸಿಡಿ-10-ಸಿಎಂ (ರೋಗ, ಗಾಯಗಳಿಗೆ ಅಮೆರಿಕದಲ್ಲಿ ಬಳಸುವ ಕೋಡುಗಳ ಪಟ್ಟಿ) ಪುಸ್ತಕ ಈಗಲೂ ನನ್ನ ಬ್ಯಾಗಿನಲ್ಲಿದೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ಸೀಟು ಸಿಕ್ಕ ದಿನ ತೊಡೆಯ ಮೇಲಿಟ್ಟು ಓದುತ್ತೇನೆ, ಸಿಗದ ದಿನ ಅದರ ಭಾರಕ್ಕೆ ಬೈಯುತ್ತೇನೆ.

ರೋಗಿಯ ಚಾರ್ಟು ಓದಿ ಕೋಡ್ ಹಾಕುವುದು ನನ್ನ ಕೆಲಸ. ನಮಗೆ ಬರುವುದೆಲ್ಲ ಅಮೆರಿಕದ ಮೂಳೆ ಡಾಕ್ಟರುಗಳ ಚಾರ್ಟು. ಮೊಣಕೈಯಲ್ಲಿ ಸೇರುವುದು ಮೂರು ಮೂಳೆ: ತೋಳಿನ ಮೂಳೆ ಹ್ಯೂಮರಸ್‌ನ ಕೆಳತುದಿ ಎಸ್42.4 ಕೋಡಿನಲ್ಲಿ, ಮುಂಗೈಯ ಎರಡು ಮೂಳೆ ಅಲ್ನಾ ಮತ್ತು ರೇಡಿಯಸ್‌ನ ಮೇಲ್ತುದಿಗಳು ಎಸ್52.0, ಎಸ್52.1ರಲ್ಲಿ. ಡಾಕ್ಟರು ಬರೀ 'ಎಲ್ಬೋ ಫ್ರಾಕ್ಚರ್' ಎಂದು ಗೀಚಿದರೆ ಸೂಚಿ ನಮ್ಮನ್ನು ಎಸ್42.40ಕ್ಕೆ, ಅಂದರೆ ಹ್ಯೂಮರಸ್‌ಗೆ ಕಳಿಸುತ್ತದೆ. ಮುರಿದಿದ್ದು ಒಲೆಕ್ರಾನನ್ (ಅಲ್ನಾದ ಮೇಲ್ತುದಿಯ ಗಂಟು) ಆಗಿದ್ದರೂ ಅಷ್ಟೇ! ಆಫೀಸಿನ ಎನ್‌ಕೋಡರ್ (ಕೋಡ್ ಹುಡುಕುವ ಸಾಫ್ಟ್‌ವೇರ್) ಇಲ್ಲಿ ತುಟಿ ಬಿಚ್ಚುವುದಿಲ್ಲ. ಪುಸ್ತಕದಲ್ಲಾದರೆ ಅಕ್ಕಪಕ್ಕದ ಸಾಲುಗಳು ಕಣ್ಣಿಗೆ ಬಿದ್ದು, ಎಕ್ಸ್-ರೇ ವರದಿ ತೆಗೆದು ನೋಡಬೇಕು ಅನ್ನಿಸುತ್ತದೆ.

ಮೂಳೆ ಜರುಗಿದೆಯೋ ಇಲ್ಲವೋ ಬರೆದಿಲ್ಲದಿದ್ದರೆ ಜರುಗಿದೆ ಎಂದೇ ಲೆಕ್ಕ. ಚರ್ಮ ಸೀಳಿದೆಯೋ ಇಲ್ಲವೋ ಬರೆದಿಲ್ಲದಿದ್ದರೆ ಸೀಳಿಲ್ಲ ಎಂದು. ಎಡಗೈ ರೇಡಿಯಲ್ ಹೆಡ್ (ರೇಡಿಯಸ್‌ನ ತಲೆ) ಮುರಿದು ಜರುಗಿದ್ದರೆ ಎಸ್52.122, ಜರುಗದಿದ್ದರೆ ಎಸ್52.125. ಆ ಒಂದು ಪದಕ್ಕಾಗಿ ಡಾಕ್ಟರಿಗೆ ಎಷ್ಟು ಕ್ವೆರಿ ಕಳಿಸಿದ್ದೇನೋ.

ನಾನು ಮುಗ್ಗರಿಸಿದ್ದು ಕೋಡಿನ ಕೊನೆಯ, ಏಳನೇ ಅಕ್ಷರದಲ್ಲಿ. ಚಿಕಿತ್ಸೆ ಯಾವ ಹಂತದಲ್ಲಿದೆ ಎಂದು ಹೇಳುವುದು ಅದು. ಮುರಿದ ಮೂಳೆಗೆ ಬೇರೆಲ್ಲೋ ತಂತಿ ಹಾಕಿಸಿಕೊಂಡವನೊಬ್ಬ ನಮಗೆ ಚಾರ್ಟು ಕಳಿಸುವ ಕ್ಲಿನಿಕ್ಕಿಗೆ ಮೊದಲ ಸಲ ಚೆಕಪ್‌ಗೆ ಬಂದಿದ್ದ. 'ಮೊದಲ ಭೇಟಿ' ಅಂದುಕೊಂಡು 'ಎ' ಹಾಕಿದೆ. ಆಡಿಟರ್ ಮೇಡಂ ವಾಪಸ್ ಕಳಿಸಿದರು. 'ಎ' ಸಕ್ರಿಯ ಚಿಕಿತ್ಸೆ ನಡೆಯುವವರೆಗೆ. ಮೂಳೆ ಕೂಡುವ ಹಂತದ ಮಾಮೂಲಿ ತಪಾಸಣೆಗೆ 'ಡಿ'. ಡಾಕ್ಟರು ಹೊಸಬರೇ ಎಂಬುದು ಲೆಕ್ಕಕ್ಕಿಲ್ಲ. ಪುಸ್ತಕದ ಮುಂಭಾಗದ ಮಾರ್ಗಸೂಚಿಯಲ್ಲಿ ಇದೆಲ್ಲ ಇತ್ತು, ನಾನು ಹಾರಿಸಿದ್ದೆ.

ಇನ್ನೊಂದು: ಎಕ್ಸ್-ರೇಯಲ್ಲಿ ಬಿರುಕು ಕಾಣದೆ, ಹಿಂಬದಿಯ ಕೊಬ್ಬಿನ ಪದರ ಮಾತ್ರ ಎದ್ದು ಕಂಡಾಗ 'ಪ್ರಾಬಬಲ್ ಫ್ರಾಕ್ಚರ್' ಎಂದು ಬರೆಯುತ್ತಾರೆ. ಓಪಿಡಿ ಚಾರ್ಟಿನಲ್ಲಿ 'ಪ್ರಾಬಬಲ್'ಗೆ ಫ್ರಾಕ್ಚರ್ ಕೋಡ್ ಇಲ್ಲ. ನೋವಿಗೆ ಹಾಕಬೇಕು, ಎಡಗೈಯಾದರೆ ಎಂ25.522.

ಹೋದ ಬೇಸಿಗೆ ಅಕ್ಕನ ಮಗ ಸೀಬೆ ಮರದಿಂದ ಬಿದ್ದ, ಸುಪ್ರಾಕಾಂಡಿಲಾರ್, ಅಂದರೆ ಮೊಣಕೈಗೆ ತುಸು ಮೇಲೆ ಹ್ಯೂಮರಸ್ ಮುರಿತ. ಡಾಕ್ಟರು ಮಣಿಕಟ್ಟಿನ ನಾಡಿ ಹಿಡಿದು, ಹೆಬ್ಬೆರಳು ತೋರುಬೆರಳಿಂದ ಸೊನ್ನೆ ಮಾಡು ಎಂದರು. ಚಾರ್ಟುಗಳಲ್ಲಿ ಓದದೆ ದಾಟುತ್ತಿದ್ದ 'ಎಐಎನ್ ಇಂಟ್ಯಾಕ್ಟ್' (ಮುಂಗೈಯ ಒಂದು ನರ ಸರಿಯಿದೆ) ಅಂದರೆ ಆ ಸೊನ್ನೆ ಎಂದು ಅವತ್ತು ತಿಳಿಯಿತು.

ಕುಂದುಗಳು: ಹಾಳೆ ತೆಳು, ಹೈಲೈಟರ್ ಆಚೆ ಬದಿಗೆ ಇಳಿಯುತ್ತದೆ. ಸುಪ್ರಾಕಾಂಡಿಲಾರ್‌ಗೆ ತಂತಿ ಹಾಕಿದ್ದರ ಕೋಡ್ 24538 ಬೇಕೆಂದರೆ ಸಿಪಿಟಿಯ (ಚಿಕಿತ್ಸೆಗಳ ಕೋಡು) ಬೇರೆ ಪುಸ್ತಕ ತೆಗೆಯಬೇಕು. ಪ್ರತಿ ಅಕ್ಟೋಬರ್ 1ಕ್ಕೆ ಕೋಡುಗಳು ಬದಲಾಗುವುದರಿಂದ ಹಳೆಯದನ್ನು ನಂಬಿ ನೇರ ಕೋಡ್ ಹಾಕುವಂತಿಲ್ಲ, ಎನ್‌ಕೋಡರ್‌ನಲ್ಲಿ ನೋಡಿಯೇ ಹಾಕುತ್ತೇನೆ. ಪ್ರತಿ ವರ್ಷ ಹೊಸದು ಕೊಳ್ಳುವಷ್ಟು ಸಂಬಳ ಇಲ್ಲ. ಈ ಅಕ್ಟೋಬರಿಗೆ ಕೊಳ್ಳುತ್ತೇನೆ. ಎಸ್52ರ ಹಾಳೆಗಳು ಸೆಲ್ಲೋಟೇಪಿಗೂ ನಿಲ್ಲುತ್ತಿಲ್ಲ.