ಟಾಂಗಾದಲ್ಲಿ ವಿಜಯಪುರ: ನಮ್ಮೂರಿಗೆ ನಾವೇ ಪ್ರವಾಸಿಗರಾಗಿ ಹೋದ ದಿನ

ಗೋಳಗುಮ್ಮಟ ಕಾಣುವಷ್ಟು ಹತ್ತಿರದ ಓಣಿಯಲ್ಲಿ ಹುಟ್ಟಿ ಬೆಳೆದಿದ್ದರೂ, ಊರಿಗೆ ಬಂದ ಬೀಗರನ್ನು ಕರೆದೊಯ್ಯುವುದಕ್ಕಲ್ಲದೆ ನಾನಾಗಿ ಅದರೊಳಗೆ ಕಾಲಿಟ್ಟದ್ದು ತೀರ ಅಪರೂಪ. ಈ ಸಲ ಮಗಳಿಗೆ ರಜೆ ಇದ್ದ ಒಂದು ದಿನವನ್ನು ಊರು ನೋಡುವುದಕ್ಕೆಂದೇ ತೆಗೆದಿಟ್ಟು, ಅವ್ವನನ್ನೂ ಜೊತೆಗೆ ಕರೆದುಕೊಂಡು, ಗುಮ್ಮಟದ ಮುಂದೆ ನಿಲ್ಲುವ ಟಾಂಗಾಗಳಲ್ಲಿ ಒಂದನ್ನು ದಿನವಿಡೀ ಗೊತ್ತು ಮಾಡಿಕೊಂಡೆ. ಮೂರು ಜನಕ್ಕೆ, ಮಧ್ಯಾಹ್ನ ಕುದುರೆಗೆ ವಿಶ್ರಾಂತಿ ಕೊಡುವ ಕರಾರಿನ ಮೇಲೆ, 900 ರೂಪಾಯಿಗೆ ಮಾತಾಯಿತು. ಆಟೋದಲ್ಲಿ ಇದೇ ಸುತ್ತು ಅರ್ಧ ದಿನದಲ್ಲಿ ಮುಗಿಯುತ್ತದೆ ಎಂಬುದು ನಿಜ. ಆದರೂ ಟಾಂಗಾವನ್ನೇ ಆರಿಸಿಕೊಂಡದ್ದು ಸರಿಯಾಯಿತು ಎಂದೇ ನನ್ನ ಅಭಿಪ್ರಾಯ.

ಬೆಳಿಗ್ಗೆ ಆರೂವರೆಗೆ ಗುಮ್ಮಟದ ಬಾಗಿಲಲ್ಲಿದ್ದೆವು. ಇಷ್ಟು ಬೇಗ ಬರಬೇಕೆಂದು ಒತ್ತಾಯ ಮಾಡಿದವರು ಟಾಂಗಾದವರೇ, ಮತ್ತು ಇಡೀ ದಿನದಲ್ಲಿ ಅವರು ಕೊಟ್ಟ ಅತ್ಯುತ್ತಮ ಸಲಹೆ ಅದು. ಶಾಲೆಯ ಪ್ರವಾಸದ ಬಸ್ಸುಗಳು ಬಂದು ನಿಂತ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕೂಗಾಟ ಕೇಳುತ್ತದೆ. ಅವರು ಬರುವ ಮೊದಲು ಅದು ಬೇರೆಯೇ ಜಾಗ. ಮೂಲೆಯ ಏಳಂತಸ್ತಿನ ಮಿನಾರಿನೊಳಗಿನ ಕಡಿದಾದ ಮೆಟ್ಟಿಲುಗಳನ್ನು ಅವ್ವ ಹತ್ತಲಾರಳಾದ್ದರಿಂದ ಅವಳು ಕೆಳಗೇ ಕುಳಿತಳು, ನಾನೂ ಮಗಳೂ ಮೇಲೆ ಹೋದೆವು. ಒಳಗಿನ ವ್ಯಾಸವೇ ಸುಮಾರು 38 ಮೀಟರ್ ಇರುವ ಆ ಗುಮ್ಮಟದ ಆಚೆ ಬದಿಗೆ ಹೋಗಿ ನಿಂತ ಮಗಳು ಗೋಡೆಗೆ ಬಾಯಿಟ್ಟು "ಅವ್ವಾ, ಹಸಿವಾಗೈತಿ" ಎಂದು ಪಿಸುಗುಟ್ಟಿದ್ದು ನನ್ನ ಕಿವಿಯ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ನಡುವೆ ಒಂದೂ ಕಂಬವಿಲ್ಲದೆ ಇಷ್ಟು ಭಾರ ಹೇಗೆ ನಿಂತಿದೆ ಎಂದು ಅವಳು ಕೇಳಿದಾಗ, ಒಂದರೊಳಗೊಂದು ಹಾದುಹೋಗುವ ಎಂಟು ಕಮಾನುಗಳನ್ನು ತೋರಿಸಿದೆ: ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತೆ ಹೆಣೆದುಕೊಂಡ ಆ ಕಮಾನುಗಳೇ ಗುಮ್ಮಟದ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಕೆಳಗೆ ಅಷ್ಟೊತ್ತಿಗೆ ಅವ್ವ ಕಾವಲುಗಾರರಿಂದ ಒಂದು ಸಂಗತಿ ತಿಳಿದುಕೊಂಡಿದ್ದಳು. ಜಗಲಿಯ ಮೇಲೆ ಕಾಣುವುದು ಗೋರಿಗಳ ಪ್ರತಿರೂಪ ಮಾತ್ರ. 1656ರಲ್ಲಿ ತೀರಿಕೊಂಡ ಸುಲ್ತಾನ ಮಹಮ್ಮದ್ ಆದಿಲ್‌ಶಾಹನೂ ಅವನ ಮನೆಯವರೂ ಇರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಮದುವೆಯಾಗಿ ಬಂದಾಗಿನಿಂದ ಇದೇ ಊರಲ್ಲಿದ್ದ ಅವಳಿಗೂ ಅದು ಹೊಸ ಮಾತಾಗಿತ್ತು.

ಟಾಂಗಾದ ನಿಜವಾದ ಬೆಲೆ ತಿಳಿಯುವುದು ಎರಡು ಸ್ಮಾರಕಗಳ ನಡುವಿನ ದಾರಿಯಲ್ಲಿ. ಪಕ್ಕದಲ್ಲಿ ನಡೆಯುವವರಿಗಿಂತ ಒಂದಿಷ್ಟು ಎತ್ತರದಲ್ಲಿ ಕುಳಿತು ನಿಧಾನವಾಗಿ ಸಾಗುವಾಗ, ದಿನಾಲೂ ಸ್ಕೂಟರಿನಲ್ಲಿ ಹಾದುಹೋಗುವ ರಸ್ತೆಯಲ್ಲೇ ಅಂಗಡಿಯ ಹಿಂದೆ ಅಡಗಿದ ಕಮಾನು, ಮನೆಯ ಗೋಡೆಗೆ ಸೇರಿಹೋದ ಹಳೆಯ ನೀರಿನ ಗಂಜು (ನೀರು ಹಂಚುವ ಗೋಪುರ), ಯಾರೂ ಹೆಸರು ಹೇಳಲಾರದ ಸಣ್ಣ ಗುಮ್ಮಟ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಜಾಮಿಯಾ ಮಸೀದಿಯ ನೆಲದ ಮೇಲೆ, ಒಬ್ಬೊಬ್ಬರು ನಮಾಜಿಗೆ ನಿಲ್ಲುವಷ್ಟು ಅಳತೆಯಲ್ಲಿ ಬರೆದಿರುವ 2,250 ಚೌಕಗಳ ಸಾಲನ್ನು ಮಗಳು ಎಣಿಸಲು ಹೊರಟು ನೂರರ ಹತ್ತಿರ ಬಿಟ್ಟುಕೊಟ್ಟಳು. ಅಸರ್ ಮಹಲಿನ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲವಾದ್ದರಿಂದ ಹೊರಗಿನ ಎತ್ತರದ ಕಂಬಗಳನ್ನೂ ಮುಂದಿನ ಕೊಳವನ್ನೂ ನೋಡಿ ತೃಪ್ತರಾದೆವು. ಬಾರಾ ಕಮಾನಿನಲ್ಲಿ ಅವ್ವ ಬಹಳ ಹೊತ್ತು ಕುಳಿತಳು. ಎರಡನೆಯ ಅಲಿ ಆದಿಲ್‌ಶಾಹನ ಕೆಲಸ ಅರ್ಧಕ್ಕೆ ನಿಂತು, ಮೇಲೆ ಆಕಾಶ ಬಿಟ್ಟರೆ ಬೇರೆ ಛಾವಣಿಯಿಲ್ಲದ ಆ ಜಾಗದ ತಂಪು ಅವಳಿಗೆ ಗುಮ್ಮಟಕ್ಕಿಂತ ಹೆಚ್ಚು ಹಿಡಿಸಿತು.

ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಟಾಂಗಾದವರಿಗೆ ದಾರಿ ಮತ್ತು ಹೊತ್ತಿನ ಅರಿವು ಎಷ್ಟು ಚೆನ್ನಾಗಿದೆಯೋ ಇತಿಹಾಸದ ಅರಿವು ಅಷ್ಟಿಲ್ಲ. ಗುಮ್ಮಟದಿಂದ ಗೋಲಕೊಂಡೆಯವರೆಗೆ ಸುರಂಗವಿದೆ ಎಂಬ ಕಥೆಯನ್ನು ನಮ್ಮವರು ಪೂರ್ಣ ನಂಬಿಕೆಯಿಂದ ಹೇಳಿದರು. ಈ ಊರಿನಡಿಯಲ್ಲಿ ಸುರಂಗವಿರುವುದು ನಿಜ, ಆದರೆ ಅದು ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ಊರಿಗೆ ನೀರು ತಂದ ಕರೇಜ್ ಕಾಲುವೆ. ಕಥೆಯ ಸುರಂಗಕ್ಕಿಂತ ಅದೇ ಹೆಚ್ಚು ಅಚ್ಚರಿಯದು, ಮತ್ತು ಅದನ್ನು ಹೊರಗಿನವರಿಗೆ ಹೇಳಬಲ್ಲವರು ಟಾಂಗಾದವರೇ ಆಗಬೇಕಿತ್ತು ಎಂಬುದು ನನ್ನ ಕೊರಗು. ಮೊದಲ ಬಾರಿಗೆ ಬರುವವರು ಗುಮ್ಮಟದ ಆವರಣದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಿಕೊಂಡೇ ಟಾಂಗಾ ಹತ್ತುವುದು ಒಳ್ಳೆಯದು. ಶುಕ್ರವಾರ ಅದಕ್ಕೆ ರಜೆ.

ಕುದುರೆಯ ವಿಷಯದಲ್ಲಿ ಮಾತ್ರ ದೂರಿಗೆ ಎಡೆಯಿರಲಿಲ್ಲ. ಹನ್ನೆರಡಾಗುತ್ತಲೇ, ನಾವಿನ್ನೂ ಗಗನ ಮಹಲಿನ ದೊಡ್ಡ ಕಮಾನಿನಡಿ ಇರುವಾಗ, "ಅಕ್ಕಾರ, ಇನ್ನ ಬಿಸಲಾಗ ಹೊಡಿಯೂದಿಲ್ರಿ, ಮೂರಕ್ಕ ಬರ್ತೀನಿ" ಎಂದು ಹೇಳಿ, ಬೇವಿನ ನೆರಳಿನಲ್ಲಿ ಗಾಡಿ ಬಿಚ್ಚಿ ನೀರು, ಮೇವು ಇಟ್ಟರು. ಆ ಹೊತ್ತಿನಲ್ಲಿ ನಾವು ಗಾಂಧಿ ಚೌಕದ ಕಡೆಯ ಖಾನಾವಳಿಯೊಂದರಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡೆವು.

ಮೂರರ ನಂತರದ ಪಡುವಣ ಭಾಗವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪಿನ ಸಿಂಹಬಾಯಿಯಲ್ಲಿ ಸಿಕ್ಕಿಕೊಂಡ ಆನೆಯನ್ನು ಮಗಳು ತಾನೇ ಕಂಡುಹಿಡಿದಳು. ಇದೇ ತೋಪನ್ನು 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ 150 ರೂಪಾಯಿಗೆ ಮೇಲೆ ಯಾರೂ ಕೂಗಲಿಲ್ಲ, ಆಮೇಲೆ ಮಾರಾಟವೇ ರದ್ದಾಯಿತು. ಅಲ್ಲಿಂದ ಇಬ್ರಾಹಿಂ ರೋಜಾ. ಒಂದೇ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರು ನಿಂತಿರುವ, ಕಲ್ಲನ್ನೇ ಅಕ್ಷರಗಳಾಗಿ ಕೊರೆದು ಕಿಟಕಿಗೆ ಜಾಲರಿ ಮಾಡಿರುವ ಈ ಕಟ್ಟಡದ ಮುಂದೆ ಗೋಳಗುಮ್ಮಟ ಬರೀ ಗಾತ್ರವೆನಿಸಿಬಿಡುತ್ತದೆ. ಇಳಿಹೊತ್ತಿನ ಬಿಸಿಲು ಆ ಅಕ್ಷರಗಳ ನಡುವಿನಿಂದ ಒಳಗೆ ಬೀಳುವಾಗ ನೋಡಬೇಕು. ಟಾಂಗಾದವರು ಇದನ್ನು ಕೊನೆಗೆ ಇಟ್ಟುಕೊಂಡದ್ದು ಇದಕ್ಕೇ ಎಂದು ಆಗ ತಿಳಿಯಿತು.

ಟಾಂಗಾದ ಮೆಟ್ಟಿಲು ಎತ್ತರವಿರುವುದರಿಂದ ಮೊಣಕಾಲು ನೋವಿನವರು ಗಾಡಿ ಹತ್ತುವಾಗ ಯಾರಾದರೂ ಕೈಕೊಡಬೇಕು. ಬಾಡಿಗೆಯನ್ನೂ ನಿಲ್ಲಿಸುವ ಜಾಗಗಳನ್ನೂ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಏಕೆಂದರೆ ತಾಜ್ ಬಾವಡಿ ಸುತ್ತಿನಲ್ಲಿ ಸೇರಿರುವುದಿಲ್ಲ. ನಾವು ಕೇಳಲು ಮರೆತಿದ್ದೆವು. ಕತ್ತಲಾಗುವ ಮೊದಲು ಅತ್ತ ತಿರುಗಿಸಲು ಅವರು ಒಪ್ಪಿದರು, ಹೆಚ್ಚಿನ ಹಣ ಕೇಳಲಿಲ್ಲ. ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಆ ಬಾವಿಯ ಕಮಾನಿನಡಿ ನಿಂತು ಅವ್ವ, ತಾನು ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿಂದಲೇ ನೀರು ಹೊತ್ತದ್ದನ್ನು ಮೊಮ್ಮಗಳಿಗೆ ಹೇಳತೊಡಗಿದಳು. ಟಾಂಗಾದವರು ಲಗಾಮು ಸಡಿಲಿಸಿ, ಅವಳ ಮಾತು ಮುಗಿಯುವವರೆಗೆ ಕಾದರು.