ಮಗು ಕಳೆದುಕೊಂಡವರಿಗೆ ಜೀನ್ ರಿಪೋರ್ಟ್ ಮಾರುವವರಿದ್ದಾರೆ, ದಯವಿಟ್ಟು ಹುಷಾರು

ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ ಆಗುತ್ತದೆ. ಓದಿದವಳು ನಾನು, ಆದ್ರೂ ಮೋಸ ಹೋದೆ. ಇನ್ನೊಬ್ಬ ತಾಯಿ ಹೋಗಿ ಆ ಕುರ್ಚಿಯಲ್ಲಿ ಕೂರಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ಹೋದಾಗ ಅವಳಿಗೆ ಮೂರು ತಿಂಗಳು ಹನ್ನೊಂದು ದಿನ. ಬಾಣಂತನಕ್ಕೆ ಹಾಸನದ ತವರುಮನೆಯಲ್ಲಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಹಾಲು ಕುಡಿಸಿ, ತೇಗು ತೆಗೆಸಿ ಮಲಗಿಸಿದೆ. ಆರೂವರೆಗೆ ಮುಟ್ಟಿದರೆ ಮೈ ತಣ್ಣಗಿತ್ತು. ಕುಲಾವಿಯ ದಾರದ ಗಂಟು ನಾನು ಹಾಕಿದ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಎದೆ ಒತ್ತಿದರು. ಬಾಯಿಂದ ಸ್ವಲ್ಪ ಹಾಲು ಬಂತು. "ಹಾಲು ನೆತ್ತಿಗೇರಿದೆ" ಅಂದರು, ಹಾಗೇ ಬರೆದರು. "ಇಷ್ಟು ಚಿಕ್ಕ ಮಗುವನ್ನು ಯಾಕೆ ಕುಯ್ಯಿಸ್ತೀರಾ" ಅಂದರು. ನಾವೂ ಕೈ ಮುಗಿದು ಎತ್ತಿಕೊಂಡು ಬಂದೆವು. ಎದೆ ಒತ್ತುವಾಗ ಹೊಟ್ಟೆಯ ಹಾಲು ಮೇಲೆ ಬರುವುದು ಸಾಮಾನ್ಯ, ಅದೊಂದನ್ನೇ ನೋಡಿ ಸಾವಿನ ಕಾರಣ ಹೇಳಲು ಆಗುವುದಿಲ್ಲ ಅಂತ ಆಗ ಯಾರೂ ಹೇಳಲಿಲ್ಲ. ಎರಡು ವರ್ಷ ನನ್ನ ಹಾಲೇ ನನ್ನ ಮಗಳನ್ನು ಕೊಂದಿತು ಅಂದುಕೊಂಡು ಬದುಕಿದೆ. ಎರಡು ವರ್ಷ! ನೆಂಟರು ಮಾತ್ರ ಮೂರು ದಿನದ ಹಿಂದೆ ಹಾಕಿಸಿದ ಇಂಜೆಕ್ಷನ್ನೇ ಕಾರಣ ಅಂದರು. ನಮ್ಮಲ್ಲಿ ಆ ಲಸಿಕೆ ಹಾಕುವುದು 6, 10, 14ನೇ ವಾರಕ್ಕೆ. ಮಲಗಿದ ಮಗು ಕಾರಣವೇ ಸಿಗದಂತೆ ಏಳದೇ ಹೋಗುವುದು, ಸಿಡ್ಸ್ ಅನ್ನುತ್ತಾರಲ್ಲ, ಅದು ಜಾಸ್ತಿ ಆಗುವುದೂ ಎರಡರಿಂದ ನಾಲ್ಕನೇ ತಿಂಗಳಲ್ಲೇ. ವಯಸ್ಸು ಒಂದೇ ಆಗಿರುವುದರಿಂದ ಎರಡಕ್ಕೂ ಗಂಟು ಹಾಕುತ್ತಾರೆ, ಅಷ್ಟೇ.

ಇನ್ನೊಂದು ಮಗುವಿನ ಯೋಚನೆ ಬಂದಾಗ ಪರಿಚಯದವರೊಬ್ಬರು ಬೆಂಗಳೂರಿನ ಒಂದು ಜೀನ್ ಟೆಸ್ಟ್ ಸೆಂಟರ್ ಹೇಳಿದರು. ಅಲ್ಲಿನ ಕೌನ್ಸೆಲರ್ ಮೊದಲು ಹೇಳಿದ್ದೇ ಕ್ಯಾಥ್ಲೀನ್ ಫೋಲ್ಬಿಗ್ ಕಥೆ. ಆಸ್ಟ್ರೇಲಿಯಾದ ತಾಯಿ. ನಾಲ್ಕು ಮಕ್ಕಳು ಸತ್ತವು, ಕೊಲೆಗಾರ್ತಿ ಅಂತ 2003ರಲ್ಲಿ ಜೈಲಿಗೆ ಹಾಕಿದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ಕೆಡಿಸಬಲ್ಲ ಜೀನ್ ದೋಷ ಸಿಕ್ಕಿತು, 2023ರಲ್ಲಿ ಬಿಡುಗಡೆ ಆಯಿತು. ನಾನು ಅತ್ತುಬಿಟ್ಟೆ. "ನಿಮ್ಮದೂ ಹೀಗೇ ಇರಬಹುದು ಮೇಡಂ, ರಕ್ತ ಕೊಡಿ ಸಾಕು" ಅಂದರು. 48,000 ರೂಪಾಯಿ. ಗಂಡನ ಬೈಕ್ ಮಾರಿದ ದುಡ್ಡು ಅದು.

ರಿಪೋರ್ಟ್ ಬಂದ ದಿನ ಒಂದು ಬಿಳಿ ಹಾಳೆ ಎಳೆದುಕೊಂಡರು. ಕೆಂಪು ಪೆನ್ನಿನಲ್ಲಿ ಮೇಲೆ ಒಂದು ವೃತ್ತ, ಕೆಳಗೆ ಒಂದು ಚಿಕ್ಕ ವೃತ್ತ, ನಡುವೆ ಬಾಣ. "ಇದು ನೀವು, ಇದು ಮಗು. ನಿಮ್ಮಿಂದ ಹೋಗಿದೆ. ಮುಂದಿನ ಮಗುವಿಗೂ ಅರ್ಧಕ್ಕರ್ಧ ಚಾನ್ಸ್." ಪಕ್ಕದಲ್ಲಿದ್ದ ಅತ್ತೆ "ಹಾಗಾದ್ರೆ ನಿನ್ನಿಂದಲೇ ಬಂದಿದ್ದಾ" ಅಂದರು. ಕೌನ್ಸೆಲರ್ ಕಣ್ಣೆತ್ತದೆ ಹೌದು ಅಂತ ತಲೆ ಆಡಿಸಿದರು. ಆಮೇಲೆ ಗಂಡನ ಟೆಸ್ಟಿಗೆ ಇನ್ನೊಂದು ಪ್ಯಾಕೇಜ್, ಮುಂದಿನ ಮಗುವಿನ ಕಾಲಿಗೆ ಕಟ್ಟಿ ಉಸಿರು ಗಮನಿಸುವ ಮೆಷಿನ್‌ಗೆ ಮುಂಗಡ.

ಆ ದುಡ್ಡು ಹೊಂದಿಸಲು ಆಗಲಿಲ್ಲ. ಅದೇ ಪುಣ್ಯ. ಬೇರೆ ಆಸ್ಪತ್ರೆಯ ಜೆನೆಟಿಕ್ಸ್ ಡಾಕ್ಟರ್ ಹತ್ತಿರ ಹೋದೆವು. ಅವರು ಮೂರನೇ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್. ಅಂದರೆ ಜೀನ್‌ನಲ್ಲಿ ಒಂದು ಬದಲಾವಣೆ ಇದೆ, ಆದರೆ ಅದರಿಂದ ಕಾಯಿಲೆ ಬರುತ್ತದೋ ಇಲ್ಲವೋ ಗೊತ್ತಿಲ್ಲ ಅಂತ. ಇಂಥವು ಯಾರ ರಕ್ತದಲ್ಲಾದ್ರೂ ಬೇಕಾದಷ್ಟು ಸಿಗುತ್ತವಂತೆ. ಹೃದಯದ ಬಡಿತ ನೋಡುವ ನನ್ನ ಇಸಿಜಿ ಸರಿಯಾಗೇ ಇತ್ತು. "ಮಗುವಿನ ಸ್ಯಾಂಪಲ್ ಎಲ್ಲಿ?" ಅಂದರು. ಇಲ್ಲ. ಫೋಲ್ಬಿಗ್ ಕೇಸಿನಲ್ಲಿ ಮಕ್ಕಳದ್ದೇ ಸ್ಯಾಂಪಲ್ ಉಳಿದಿತ್ತು, ಅದಕ್ಕೇ ಸತ್ಯ ಹೊರಬಂತು. ನನ್ನ ಮಗಳದ್ದು ಏನೂ ಉಳಿದಿಲ್ಲ. ಅವಳನ್ನು ಯಾರೂ ಪರೀಕ್ಷೆ ಮಾಡಲೇ ಇಲ್ಲ. ಅಂದ ಮೇಲೆ ಆ ಬಾಣ ಎಲ್ಲಿಂದ ಬಂತು?

ಇದನ್ನೇ ಸೆಂಟರಿಗೆ ಕೇಳಿದೆ. ಮೊದಲ ಉತ್ತರ: "ನಾವು ಸಾಧ್ಯತೆ ಅಂದಿದ್ವಿ, ಖಚಿತ ಅಂದಿರಲಿಲ್ಲ." ಸುಳ್ಳು! ಎರಡನೆಯದು: "ರಿಪೋರ್ಟಿನಲ್ಲೇ ಬರೆದಿತ್ತಲ್ಲ ಮೇಡಂ, ನೀವು ಓದಬೇಕಿತ್ತು." ಓದಿ ಹೇಳುತ್ತೀರಿ ಅಂತಲೇ ಅಲ್ವಾ ದುಡ್ಡು ಕೊಟ್ಟಿದ್ದು? ಮೂರನೆಯದು: "ನಿಮ್ಮ ದುಃಖ ಅರ್ಥವಾಗುತ್ತದೆ, ಆದರೆ ಟೆಸ್ಟ್ ಆಗಿದೆ, ರೀಫಂಡ್ ಇಲ್ಲ."

ಯಾರ ಮನೆಯಲ್ಲೂ ಹೀಗಾಗದಿರಲಿ. ಹಾಗೇನಾದ್ರೂ ಆದರೆ, ಹೊಟ್ಟೆ ಉರಿದರೂ ಪೋಸ್ಟ್‌ಮಾರ್ಟಂ ಬೇಡ ಅನ್ನಬೇಡಿ. ಅದಿಲ್ಲದೆ, ಮಲಗಿಸಿದ ಜಾಗ ನೋಡದೆ, ಹಿಂದಿನದೆಲ್ಲ ವಿಚಾರಿಸದೆ ಸಿಡ್ಸ್ ಅಂತ ಕೂಡ ಹೇಳುವ ಹಾಗಿಲ್ಲ. ರಕ್ತದ ಸ್ಯಾಂಪಲ್ ತೆಗೆದಿಡಲು ಕೇಳಿ. ಮಗುವಿನ ಸ್ಯಾಂಪಲ್ ಇಲ್ಲದೆ, ಬರೀ ನಿಮ್ಮ ರಕ್ತ ನೋಡಿ ಇದೇ ಕಾರಣ ಅಂತ ಬಾಣ ಬರೆದರೆ ಎದ್ದು ಬನ್ನಿ.

ಕೆಂಪು ಪೆನ್ನಿನ ಹಾಳೆ ನನ್ನ ಹತ್ತಿರವೇ ಇದೆ. ಅದರ ಫೋಟೋ ತೆಗೆದು ನಿನ್ನೆ ಆ ಕೌನ್ಸೆಲರ್‌ಗೆ ಕಳಿಸಿದೆ, ಇದು ನಿಮ್ಮದೇ ಕೈಬರಹ ಅಲ್ವಾ ಅಂತ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದಿದೆ, ನೋಡಿದ್ದಾರೆ. ಉತ್ತರ ಬಂದಿಲ್ಲ.