ದುಬ್ರೋವ್ನಿಕ್‌ಗೆ ಹೊರಟ ಹಿರಿಯರೇ, ಮೆಟ್ಟಿಲು ಎಷ್ಟು ಅಂತ ಮೊದಲು ಕೇಳಿ

ಕ್ರೊಯೇಷಿಯಾದ ದುಬ್ರೋವ್ನಿಕ್‌ಗೆ ಹೋಗುವುದು ಈಗ ಸುಲಭ. 2023ರ ಜನವರಿಯಲ್ಲಿ ಆ ದೇಶ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿತು, ದುಡ್ಡೂ ಯೂರೋ ಆಯಿತು. ಇಟಲಿ, ಆಸ್ಟ್ರಿಯಾ ನೋಡುವ ವೀಸಾದಲ್ಲೇ ಅಲ್ಲಿಗೂ ಹೋಗಿಬರಬಹುದು. ನಮ್ಮ ಪರಿಚಯದ ಕೆಲವು ಹಿರಿಯ ದಂಪತಿಗಳು ಹೊರಡುವ ತಯಾರಿಯಲ್ಲಿದ್ದಾರೆ. ಅವರಿಗಾಗಿ, ಅವರಂಥ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಊರು ಚೆನ್ನಾಗಿಲ್ಲ ಅಂತ ಖಂಡಿತ ಹೇಳುವುದಿಲ್ಲ. ಹಳೇ ಊರನ್ನು ಸುತ್ತುವರಿದು, ಸಮುದ್ರದ ಬಂಡೆಯಿಂದಲೇ ಎದ್ದು ನಿಂತಂತಿರುವ ಆ ಕೋಟೆ ಗೋಡೆ ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ಟೂರ್ ಮಾರುವವರು ಅಲ್ಲಿನ ಮೆಟ್ಟಿಲುಗಳ ಬಗ್ಗೆ ಬಾಯಿಯೇ ಬಿಡುವುದಿಲ್ಲ.

ನನಗೆ 68, ನಮ್ಮನೆಯವರಿಗೆ 73. ಅವರಿಗೆ ಎಡಗಾಲಿನ ಮಂಡಿ ಆಪರೇಷನ್ ಆಗಿದೆ. ಬುಕ್ ಮಾಡುವಾಗಲೇ ಇದನ್ನು ನಮ್ಮ ಟೂರ್ ಆಪರೇಟರ್‌ಗೆ ಇಮೇಲ್‌ನಲ್ಲಿ ತಿಳಿಸಿದ್ದೆವು. "ಕೋಟೆಯ ಒಳಗೇ ಅಪಾರ್ಟ್‌ಮೆಂಟ್, ಮುಖ್ಯ ಬೀದಿಯಿಂದ ಎರಡೇ ನಿಮಿಷ, ಹಿರಿಯರಿಗೆ ಹೇಳಿ ಮಾಡಿಸಿದ ಜಾಗ" ಎಂದು ಉತ್ತರ ಬಂತು.

ಆ ಮುಖ್ಯ ಬೀದಿಯ ಹೆಸರು ಸ್ಟ್ರಾದುನ್. ಸುಮಾರು 300 ಮೀಟರ್ ಉದ್ದ, ಪೂರ್ತಿ ಸಮತಟ್ಟು. ಆದರೆ ಅದರ ಉತ್ತರಕ್ಕೆ ಇರುವ ಓಣಿಗಳು ಓಣಿಗಳಲ್ಲ, ನೇರ ಮೇಲಕ್ಕೆ ಹತ್ತುವ ಮೆಟ್ಟಿಲ ಸಾಲುಗಳು. ನಮ್ಮ ಮನೆ ಅಂಥ ಒಂದು ಓಣಿಯ ತುದಿಯಲ್ಲಿತ್ತು. ಬೀದಿಯಿಂದ ನೂರಕ್ಕೂ ಜಾಸ್ತಿ ಮೆಟ್ಟಿಲು, ಆಮೇಲೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ಕೋಟೆಯೊಳಗೆ ಕಾರು ಬಿಡುವುದಿಲ್ಲ, ಹಾಗಾಗಿ ನಮ್ಮ ಗಾಡಿ ಪಶ್ಚಿಮದ ಪೀಲೆ ಬಾಗಿಲಲ್ಲೇ ಇಳಿಸಿ ಹೊರಟುಹೋಯಿತು. ಜೂನ್ ತಿಂಗಳ ಮಧ್ಯಾಹ್ನ. ಎರಡು ದೊಡ್ಡ ಸೂಟ್‌ಕೇಸ್. ಅಲ್ಲಿ ಓದುತ್ತಿದ್ದ ಇಬ್ಬರು ಹುಡುಗರು ತಾವಾಗಿ ಬಂದು ಸಾಮಾನು ಹೊತ್ತುಕೊಟ್ಟರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಮ್ಮನೆಯವರು ಮಾತ್ರ ಪ್ರತಿ ಹತ್ತು ಮೆಟ್ಟಿಲಿಗೆ ಕೂತು ಕೂತು ಹತ್ತಿದರು.

ಆಮೇಲೆ ತಿಳಿದಿದ್ದು ಏನೆಂದರೆ, ಉತ್ತರದ ಗೋಡೆಯಲ್ಲಿ ಬುಝಾ ಅಂತ ಇನ್ನೊಂದು ಬಾಗಿಲಿದೆ. ಅದು ಎತ್ತರದಲ್ಲಿದೆ. ನಮ್ಮಂಥ ಮನೆಗೆ ಅಲ್ಲಿಂದ ಬಂದರೆ ಓಣಿಯ ಮೆಟ್ಟಿಲು ಹತ್ತುವ ಬದಲು ಇಳಿಯಬಹುದು. ಇಷ್ಟನ್ನು ಒಂದು ಸಾಲಿನಲ್ಲಿ ಮೊದಲೇ ಹೇಳಬಹುದಿತ್ತು ಅಲ್ವಾ?

ಮರುದಿನ ಕೋಟೆ ಗೋಡೆಯ ಮೇಲಿನ ನಡಿಗೆ. ಪ್ಯಾಕೇಜಿನಲ್ಲಿ "ಆರಾಮದ ಪಾರಂಪರಿಕ ನಡಿಗೆ" ಎಂದು ಬರೆದಿತ್ತು. ಗೋಡೆಯ ಸುತ್ತಳತೆ 1,940 ಮೀಟರ್. ಕೆಲವು ಕಡೆ ಎತ್ತರ 25 ಮೀಟರ್. ಒಂದು ಸುತ್ತಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನೆರಳು ಅನ್ನುವುದು ಅಪರೂಪ. ನಮ್ಮನ್ನು ಗೈಡ್ ಹತ್ತಿಸಿದ್ದು ಹನ್ನೊಂದೂವರೆಗೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೇ ತೆರೆಯುವ ಜಾಗ ಅದು!

ಗೋಡೆಯ ಮೇಲೆ ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಡೆಯಬೇಕು. ಸಾಕಾಯಿತು ಅಂತ ಹಿಂದಕ್ಕೆ ತಿರುಗುವ ಹಾಗಿಲ್ಲ. ಸಮುದ್ರದ ಕಡೆಯ ಗೋಡೆಯ ಮೇಲೆ ಅರ್ಧ ದಾರಿಯಲ್ಲಿ ನಮ್ಮನೆಯವರಿಗೆ ತಲೆ ಸುತ್ತಿತು. ಮುಂದೆ ಜನ, ಹಿಂದೆ ಜನ, ಅಗಲ ಕಿರಿದು. ಬಿಳಿ ಕಲ್ಲಿನ ಝಳ ಕೆಳಗಿನಿಂದಲೂ ಹೊಡೆಯುತ್ತಿತ್ತು. ಗೈಡ್ ಆಗಲೇ ಗುಂಪಿನೊಡನೆ ತುಂಬಾ ಮುಂದೆ ಹೋಗಿದ್ದ. ನನ್ನ ದುಪಟ್ಟಾವನ್ನು ಅವರ ತಲೆಗೆ ಹಿಡಿದು, ಬಾಟಲಿಯಲ್ಲಿದ್ದ ನೀರು ಕುಡಿಸಿ, ಗೋಡೆಗೆ ಒರಗಿಸಿ ಕೂರಿಸಿದೆ. ಆ ಹೊತ್ತಿನ ಭಯ ಇನ್ನೂ ಹೋಗಿಲ್ಲ. ಕೊನೆಗೆ ಹಳೇ ಬಂದರಿನ ಪಕ್ಕದ ಸೇಂಟ್ ಜಾನ್ ಕೋಟೆಯ ಹತ್ತಿರ ಇಳಿಯುವ ದಾರಿ ಇದೆ ಎಂದು ಅಪರಿಚಿತ ಹೆಂಗಸೊಬ್ಬರು ತೋರಿಸಿದರು. ನಮ್ಮನ್ನು ಹತ್ತಿಸಿದವರಿಗೆ ಅದು ಗೊತ್ತಿರಲಿಲ್ಲವೋ, ಹೇಳಲು ಪುರುಸೊತ್ತಿರಲಿಲ್ಲವೋ.

ನಿಮಗೆ ಗೋಡೆ ಹತ್ತಲೇಬೇಕು ಅನ್ನಿಸಿದರೆ ಎಂಟು ಗಂಟೆಗೇ ಹೋಗಿ. ಪೀಲೆ ಬಾಗಿಲಲ್ಲಿ ಶುರು ಮಾಡಿದರೆ ಅತಿ ಎತ್ತರದ ಮಿಂಚೆಟಾ ಗೋಪುರದ ಏರು ಕೊನೆಗೆ, ಸುಸ್ತಾದ ಮೇಲೆ ಬರುತ್ತದೆ. ಪೂರ್ವದ ಪ್ಲೋಚೆ ಬಾಗಿಲ ಕಡೆಯಿಂದ ಹತ್ತಿದರೆ ಆ ಏರು ಮೊದಲೇ ಮುಗಿಯುತ್ತದೆ. ಆಗಲಿಲ್ಲವೆಂದರೆ ಪೀಲೆಯಲ್ಲೇ ಇಳಿದುಬಿಡಿ. ಟಿಕೆಟ್ 35 ಯೂರೋ ದಾಟುತ್ತದೆ, ಅದಕ್ಕಾಗಿ ಸುತ್ತು ಮುಗಿಸಲೇಬೇಕು ಅಂತ ಹಟ ಹಿಡಿಯಬೇಡಿ.

ಹತ್ತದೆಯೂ ಆ ಗೋಡೆಯನ್ನು ತೃಪ್ತಿಯಾಗಿ ನೋಡಬಹುದು. ಸ್ರ್ಜ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಮೇಲಿಂದ ಇಡೀ ಊರು, ಕೆಂಪು ಹಂಚು, ಸುತ್ತಲಿನ ನೀಲಿ ನೀರು ಎಲ್ಲಾ ಕಾಣುತ್ತದೆ. ಹಳೇ ಬಂದರಿನಿಂದ ಲೋಕ್ರುಮ್ ದ್ವೀಪಕ್ಕೆ ದೋಣಿ ಹೋಗುತ್ತದೆ, ಹದಿನೈದು ನಿಮಿಷ ಅಷ್ಟೇ. ನೀರಿನ ಮೇಲೆ ಕೂತು ಹಿಂದಿರುಗಿ ನೋಡಿದಾಗ ನಮ್ಮನೆಯವರ ಮುಖದಲ್ಲಿ ಮೊದಲ ಸಲ ನಗು ಕಂಡೆ.

ಇನ್ನೊಂದು ಮಾತು, ಚಪ್ಪಲಿ. ಸ್ಟ್ರಾದುನ್‌ನ ಸುಣ್ಣಕಲ್ಲು ಜನ ಓಡಾಡಿ ಓಡಾಡಿ ಕನ್ನಡಿಯಂತೆ ನುಣುಪಾಗಿದೆ. ಒಣಗಿದ್ದರೂ ಜಾರುತ್ತದೆ, ಮಳೆ ಬಿದ್ದರೆ ಕೇಳಲೇಬೇಡಿ. ರಬ್ಬರ್ ತಳದ ಬೂಟು ಹಾಕಿ. ಕೋಲು ಬಳಸುವವರು ಅದರ ತುದಿಯ ರಬ್ಬರ್ ಹೊಸದು ಹಾಕಿಸಿಕೊಳ್ಳಿ.

ಉಳಿಯಲು ಕೋಟೆಯ ಹೊರಗಿನ ಬಡಾವಣೆಗಳಾದ ಲಾಪಾಡ್ ಅಥವಾ ಗ್ರುಝ್ ಕಡೆ ನೋಡಿ. ಲಿಫ್ಟ್ ಇರುವ ಹೋಟೆಲ್ ಸಿಗುತ್ತವೆ, ಪೀಲೆ ಬಾಗಿಲಿಗೆ ಸಿಟಿ ಬಸ್ಸೂ ಇದೆ. ಕೋಟೆಯೊಳಗೇ ಇರಬೇಕು ಅನ್ನುವವರು ಹಣ ಕಟ್ಟುವ ಮೊದಲು ಇಮೇಲ್‌ನಲ್ಲಿ ಕೇಳಿ: ಗಾಡಿ ಯಾವ ಬಾಗಿಲವರೆಗೆ ಬರುತ್ತದೆ, ಅಲ್ಲಿಂದ ಮಲಗುವ ಕೋಣೆಯವರೆಗೆ ಎಷ್ಟು ಮೆಟ್ಟಿಲು, ಸಾಮಾನು ಯಾರು ಹೊರುತ್ತಾರೆ. ಸಂಖ್ಯೆಯಲ್ಲೇ ಉತ್ತರ ಬರಲಿ. ನಮ್ಮ ಆಪರೇಟರ್ ಒಂದು ರೂಪಾಯಿಯನ್ನೂ ವಾಪಸ್ ಕೊಡಲಿಲ್ಲ. "ಎರಡು ನಿಮಿಷ ಅಂತ ತಾನೇ ಹೇಳಿದ್ದು, ಮೆಟ್ಟಿಲು ಇಲ್ಲ ಅಂತ ಎಲ್ಲೂ ಬರೆದಿಲ್ಲವಲ್ಲ" ಎಂದು ವಾದಿಸಿದರು. ನಿಮ್ಮ ಕೈಯಲ್ಲಿ ಆ ಸಂಖ್ಯೆ ಇದ್ದರೆ ಯಾರೂ ಹಾಗೆ ಜಾರಿಕೊಳ್ಳಲಾರರು.